ಸಿಪಾಯಿಯ ರೈಫಲ್ಲಿಗೆ ಶಿಕಾರಿಯ ನಳಿಗೆ

1857ರ ನವೆಂಬರ್ ಕೊನೆಯಲ್ಲಿ ಮುಧೋಳ ಸಂಸ್ಥಾನದ ಹಲಗಲಿಗೆ ಕುಂಪಣಿ ಸರ್ಕಾರದ ಪಡೆ ನುಗ್ಗಿದ್ದು ಆಯುಧ ಕಿತ್ತುಕೊಳ್ಳಲಿಕ್ಕೆ. ಅದೇ ವರ್ಷ ಹೊರಟ ನಿಶ್ಶಸ್ತ್ರೀಕರಣದ ಕಾಯ್ದೆ ಊರೂರಿನ ಕೋವಿ, ಕತ್ತಿಗಳನ್ನು ಪಟ್ಟಿ ಮಾಡಿಸಿ, ಪರವಾನಗಿ ಇಲ್ಲದವನ್ನು ಒಪ್ಪಿಸಬೇಕೆಂದು ಹೇಳುತ್ತಿತ್ತು. ಬೇಟೆಯನ್ನೇ ಬದುಕು ಮಾಡಿಕೊಂಡಿದ್ದ ಬೇಡರಿಗೆ ಅದು ಬಾಯಿಯ ತುತ್ತನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಸಿದುಕೊಳ್ಳುವ ಮಾತಾಯಿತು. ಅವರು ಕೊಡುವುದಿಲ್ಲ ಎಂದರು. ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಳ, ರಾಮ, ಹನುಮರ ಹೆಸರು ಲಾವಣಿಯಾಗಿ ಉಳಿದು, ಮುಂದೆ ಶಾಲೆಯ ಪಠ್ಯದೊಳಗೂ ಬಂದಿದ್ದರಿಂದ ಕನ್ನಡದ ಮಕ್ಕಳಿಗೆ ಈ ಕತೆ ಗೊತ್ತು.

ಆ ಕತೆಯ ಮುಂದಿನ ಭಾಗ ಅಷ್ಟು ಗೊತ್ತಿಲ್ಲ. ಆಯುಧ ಕಿತ್ತುಕೊಂಡ ಸರ್ಕಾರ ತನ್ನದೇ ಆಯುಧಗಳನ್ನು ಏನು ಮಾಡಿತು? ಯಾರ ಕೈಗೆ ಎಂಥ ನಳಿಗೆ ಸಿಗಬೇಕೆಂದು ಹೇಗೆ ತೀರ್ಮಾನಿಸಿತು? ಸೇನೆಯ ರೈಫಲ್ಲನ್ನು ಬೇಟೆಗಾರನ ರೈಫಲ್ಲಾಗಿ ಮಾರ್ಪಡಿಸುವ ಕಸುಬು ಪ್ರಪಂಚದ ಎಷ್ಟೋ ಕಡೆ ಬಡಗಿಯ, ಕಮ್ಮಾರನ ಕೈಚಳಕದ ಕತೆಯಾಗಿ ಬೆಳೆಯಿತು. ನಮ್ಮಲ್ಲಿ ಅದು ಮೊದಲಿನಿಂದಲೂ ಕಾನೂನಿನ ಕತೆ. ನಳಿಗೆಯ ತೂತು ಎಷ್ಟಿರಬೇಕು ಎಂಬುದನ್ನು ಇಲ್ಲಿ ನಿರ್ಧರಿಸಿದ್ದು ಸರ್ಕಾರಕ್ಕೆ ತನ್ನ ಪ್ರಜೆಗಳ ಮೇಲಿದ್ದ ಭಯ.

ಮೊದಲ ಮಾರ್ಪಾಡು ಸಿಪಾಯಿಯ ಕೈಯಲ್ಲೇ ನಡೆಯಿತು. 1857ರ ಸಿಪಾಯಿ ದಂಗೆಗೆ ಕಿಡಿಯಾದದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ ಎಂದು ಎಲ್ಲರಿಗೂ ಗೊತ್ತು. ಆ ಎನ್‌ಫೀಲ್ಡಿನ ನಿಜವಾದ ಶಕ್ತಿ ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿತ್ತು. ಗುಂಡು ಆ ಗೆರೆ ಹಿಡಿದು ತಿರುಗುತ್ತ ಹೊರಬೀಳುವುದರಿಂದ ದೂರದ ಗುರಿ ತಪ್ಪುತ್ತಿರಲಿಲ್ಲ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆಂದು 1858ರ ಮಾದರಿ ಎಂಬ ಹೊಸ ಬಂದೂಕು ಬಂತು. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್. ಒಳಗೆ ಸುರುಳಿ ಗೆರೆಗಳಿಲ್ಲ, ನಯವಾಗಿ ಕೊರೆದ ಬೋಳು ನಳಿಗೆ. ದೂರ ಅಳೆಯುವ ಏರಿಳಿಸುವ ಗುರಿಕಟ್ಟೂ ಇಲ್ಲ. ಗೋರಾ ಸಿಪಾಯಿಯ ರೈಫಲ್ ಮುಟ್ಟುವ ದೂರವನ್ನು ಕರಿಯ ಸಿಪಾಯಿಯ ಬಂದೂಕು ಮುಟ್ಟಬಾರದು ಎಂಬುದೇ ಉದ್ದೇಶ. ಮುಂದೆ ದಶಕಗಳ ಕಾಲ ಇದು ನಿಯಮದಂತೆಯೇ ನಡೆಯಿತು: ಬ್ರಿಟಿಷ್ ಪಲ್ಟನ್ನಿಗೆ ಹೊಸ ರೈಫಲ್ ಬಂದಾಗ ಭಾರತೀಯ ಪಲ್ಟನ್ನಿಗೆ ಅವರು ಬಿಟ್ಟ ಹಳೆಯದು. ಅವರಿಗೆ ಲೀ-ಮೆಟ್‌ಫೋರ್ಡ್ ಬಂದ ಮೇಲೆ ಇವರಿಗೆ ಮಾರ್ಟಿನಿ.

ಇದೇ ಹೊತ್ತಿನಲ್ಲಿ ಕೊಡಗಿನಲ್ಲಿ ನಡೆದದ್ದು ಬೇರೆಯೇ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕುಂಪಣಿ ಕೊಡಗನ್ನು ತೆಗೆದುಕೊಂಡಿತ್ತು. 1837ರ ಏಪ್ರಿಲ್, ಮೇ ತಿಂಗಳಲ್ಲಿ ಅಮರಸುಳ್ಯದಿಂದ ಎದ್ದ ದಂಡು ಕಲ್ಯಾಣಪ್ಪನ ಹೆಸರಿನಲ್ಲಿ ಮಂಗಳೂರನ್ನೇ ಹಿಡಿದು ಕೆಲ ದಿನ ಆಳಿತು. ಆ ಬಂಡಾಯವನ್ನು ಅಡಗಿಸುವಾಗ ಕೊಡಗಿನ ದಿವಾನರೂ ಅವರ ಜನವೂ ಸರ್ಕಾರದ ಕಡೆ ನಿಂತರು. ಸರ್ಕಾರ ಅದಕ್ಕೆಂದೇ ಚಿನ್ನದ, ಬೆಳ್ಳಿಯ ಪದಕ ಹೊಡೆಸಿ ಹಂಚಿತು. 1861ರ ಫೆಬ್ರವರಿ 26ರಂದು, ಮೈಸೂರು-ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ ತಮ್ಮ ಅಧಿಕಾರದ ಕೊನೆಯ ದಿನಗಳಲ್ಲಿ, ಕೊಡಗಿನವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದರು. ಅವರ ಶೌರ್ಯ, ನಿಷ್ಠೆ, ಹಿಂದೆ ಮಾಡಿದ ಸಹಾಯ ಇವೇ ಅದರಲ್ಲಿ ಹೇಳಿದ ಕಾರಣಗಳು.

ಈ ಪ್ರಕಟಣೆಯನ್ನು ಹೇಗೆ ಓದಬೇಕು ಎಂಬುದರ ಮೇಲೆ ಇವತ್ತಿಗೂ ಒಮ್ಮತವಿಲ್ಲ. ಇದು ಬ್ರಿಟಿಷರು ಕೊಟ್ಟ ಬಕ್ಷೀಸಲ್ಲ, ಹಾಲೇರಿ ಅರಸರ ಕಾಲದಿಂದಲೇ ದಂಡಿನ ಸೇವೆಗಾಗಿ ಜಮ್ಮಾ ಭೂಮಿ ಪಡೆದವರ ಹಕ್ಕಿಗೆ ಹೊಸ ಸರ್ಕಾರ ಹಾಕಿದ ಒಪ್ಪಿಗೆಯ ಮುದ್ರೆ ಎಂದು ಒಂದು ಪಕ್ಷ. ಒಬ್ಬರ ಕೈ ಕಟ್ಟಿ ಇನ್ನೊಬ್ಬರ ಕೈಗೆ ಕೋವಿ ಕೊಟ್ಟು ನೆರೆಹೊರೆಯವರನ್ನು ದೂರ ಮಾಡುವ ಹಳೆಯ ತಂತ್ರ ಎಂದು ಇನ್ನೊಂದು ಪಕ್ಷ. 1837ರದು ಸ್ವಾತಂತ್ರ್ಯ ಸಮರವೋ ರೈತರ ದಂಗೆಯೋ ಎಂಬ ವಾದವೂ ಇದಕ್ಕೆ ಹೆಣೆದುಕೊಂಡಿದೆ. ಎರಡೂ ಪಕ್ಷದಲ್ಲಿ ಸತ್ಯಾಂಶವಿದೆ. ಆದರೆ ಹಲಗಲಿಯನ್ನೂ ಮಡಿಕೇರಿಯನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಸಂಗತಿ ತಪ್ಪದೆ ಕಾಣುತ್ತದೆ: ನಾಲ್ಕು ವರ್ಷದೊಳಗೆ ಒಂದೇ ಬ್ರಿಟಿಷ್ ಆಳ್ವಿಕೆ ಒಂದು ಕನ್ನಡ ನಾಡಿನ ಊರನ್ನು ಕೋವಿಗಾಗಿ ಸುಟ್ಟಿತು, ಇನ್ನೊಂದು ನಾಡಿನ ಕೋವಿಗೆ ಗೌರವದ ಪತ್ರ ಕೊಟ್ಟಿತು.

1878ರಲ್ಲಿ ಲಿಟ್ಟನ್ ತಂದ ಆಯುಧ ಕಾಯ್ದೆ ಈ ತಾರತಮ್ಯವನ್ನು ದೇಶಕ್ಕೆಲ್ಲ ಹರಡಿತು. ಭಾರತೀಯನಿಗೆ ಲೈಸೆನ್ಸ್ ಕಡ್ಡಾಯ, ಐರೋಪ್ಯನಿಗೆ ವಿನಾಯಿತಿ. ಕಾಂಗ್ರೆಸ್ಸು ತನ್ನ ಆರಂಭದ ವರ್ಷಗಳಿಂದಲೇ ಇದನ್ನು ವಿರೋಧಿಸಿತು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಸೇನೆಗೆ ಜನ ಸೇರಿಸಲು ಓಡಾಡುತ್ತಿದ್ದ ಗಾಂಧೀಜಿ, ಒಂದು ಇಡೀ ದೇಶದ ಕೈಯಿಂದ ಆಯುಧ ಕಿತ್ತ ಈ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ತಪ್ಪುಗಳಲ್ಲೆಲ್ಲ ಅತ್ಯಂತ ಕರಾಳವಾದದ್ದೆಂದು ಚರಿತ್ರೆ ಎಣಿಸುತ್ತದೆ ಎಂದು ಬರೆದರು. ಅಹಿಂಸೆಯ ಮನುಷ್ಯ ಇಂಥ ಮಾತು ಬರೆಯಬೇಕಾಗಿ ಬಂತೆಂದರೆ ಆ ಅವಮಾನ ಎಷ್ಟು ಆಳಕ್ಕೆ ಇಳಿದಿತ್ತು ಎಂದು ಊಹಿಸಬಹುದು.

ಲೈಸೆನ್ಸ್ ಪಡೆದವನೂ ಯಾವ ಕೋವಿಯನ್ನು ಬೇಕಾದರೂ ಕೊಳ್ಳುವಂತಿರಲಿಲ್ಲ. ಈ ಎರಡನೆಯ ಬೇಲಿ ಎದ್ದದ್ದು ವಾಯವ್ಯ ಗಡಿಯ ಕಡೆಯಿಂದ. ಪಠಾಣರ ಕೈಗೆ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಕದ್ದ ಮಾಲಾಗಿ, ಮಸ್ಕತ್ ಬಂದರಿನ ಮೂಲಕ ಬಂದ ಕಳ್ಳಸಾಗಣೆಯ ಮಾಲಾಗಿ, ದರ್ರಾ ಆದಮ್ ಖೇಲ್‌ನ ಕಮ್ಮಾರರು ಕೈಯಲ್ಲೇ ತಯಾರಿಸಿದ ನಕಲಾಗಿ ಸೇರುತ್ತಿದ್ದವು. ಕೊಲ್ಲಿಯ ಆ ವ್ಯಾಪಾರವನ್ನು ತಡೆಯಲು ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲೇ ಕಾವಲು ಹಾಕಬೇಕಾಯಿತು. ರೈಫಲ್ ತಡೆದರೂ ಗುಂಡು ಹೇಗೆ ತಡೆಯುವುದು? ಮಾರ್ಟಿನಿಯ ಬೋರು, ಎಂದರೆ ನಳಿಗೆಯ ತೂತಿನ ಅಳತೆ, .450 ಇಂಚು. ಆನೆ, ಕಾಟಿ, ಹುಲಿ ಹೊಡೆಯುವ ಸಾಹೇಬರ ದೊಡ್ಡ ಜೋಡುನಳಿಗೆಯ ಬೋರೂ .450. ಶಿಕಾರಿಯ ತೋಟಾದಿಂದ ಗುಂಡು ಬಿಚ್ಚಿ ಮಾರ್ಟಿನಿಗೆ ಹಾಕಿಕೊಂಡಾರು ಎಂಬ ಶಂಕೆಯಿಂದ ಸುಮಾರು 1907ರಲ್ಲಿ ಭಾರತಕ್ಕೂ ಸೂಡಾನಿಗೂ .450 ಬೋರಿನ ಆಮದು ನಿಂತಿತು.

ಈ ಶಂಕೆಯಲ್ಲಿ ಎಷ್ಟು ತಿರುಳಿತ್ತು ಎಂಬುದರ ಬಗ್ಗೆ ಆಯುಧ ಚರಿತ್ರೆ ಬರೆಯುವವರಲ್ಲಿ ಭಿನ್ನಾಭಿಪ್ರಾಯವಿದೆ. ಎರಡು ಗುಂಡುಗಳ ಅಳತೆ ಸರಿಯಾಗಿ ಹೊಂದುವುದಿಲ್ಲ, ಹಾಗೆ ಹಾಕಿದ ಗುಂಡು ಗುರಿ ಮುಟ್ಟುವುದೂ ಕಷ್ಟ ಎನ್ನುವವರಿದ್ದಾರೆ. ಫಲ ಮಾತ್ರ ಸ್ಪಷ್ಟ. ಇಂಗ್ಲೆಂಡಿನ ಕೋವಿ ಕುಶಲಿಗಳಿಗೆ ಭಾರತ ದೊಡ್ಡ ಮಾರುಕಟ್ಟೆ, ಅದನ್ನು ಬಿಡಲಾರದೆ ಒಬ್ಬೊಬ್ಬರೂ ಹೊಸ ಬೋರು ಹುಟ್ಟಿಸಿದರು. ಜೋಸೆಫ್ ಲ್ಯಾಂಗ್ ಅವರದು .470, ಹಾಲೆಂಡ್ ಅಂಡ್ ಹಾಲೆಂಡ್ ಅವರದು .465, ವೆಸ್ಟ್ಲಿ ರಿಚರ್ಡ್ಸ್ ಅವರದು .476. ಆಫ್ರಿಕಾದ ಆನೆ ಬೇಟೆಗಾರರು ಇವತ್ತಿಗೂ ಹೊಗಳುವ .470 ಬೋರಿನ ಬೆನ್ನ ಹಿಂದೆ ಕಲಕತ್ತೆಯ ಕಡತವೊಂದಿದೆ.

ದೊಡ್ಡ ಬೋರಿಗಿಂತ ಮುಖ್ಯವಾದ ಪ್ರಶ್ನೆ ಸಣ್ಣದರದು. 1888ರಿಂದ ಬ್ರಿಟಿಷ್ ಸೇನೆಯ ಬೋರು .303. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟ್ ಮತ್ತು ತೋಟಾಪೆಟ್ಟಿಗೆ ಅದರ ಜೀವಾಳ. ಮೊದಲು ಲೀ-ಮೆಟ್‌ಫೋರ್ಡ್, 1895ರಲ್ಲಿ ಲೀ-ಎನ್‌ಫೀಲ್ಡ್, 1907ರಲ್ಲಿ ಅದರ ಹೆಸರಾಂತ ಮೂರನೆಯ ಮಾದರಿ. ಬೋಲ್ಟ್ ಬೆಣ್ಣೆಯಂತೆ ಸರಿಯುತ್ತಿತ್ತು, ಪೆಟ್ಟಿಗೆ ಹತ್ತು ತೋಟಾ ಹಿಡಿಯುತ್ತಿತ್ತು, ಕೆಸರು ಧೂಳಿಗೆ ಅಷ್ಟಾಗಿ ಅಂಜುತ್ತಿರಲಿಲ್ಲ. ಬೇಟೆಗೆ ಇದಕ್ಕಿಂತ ಬೇರೇನು ಬೇಕು? ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಅದೇ ಯಂತ್ರಭಾಗಕ್ಕೆ ನೀಳವಾದ ವಾಲ್‌ನಟ್ ಮರದ ಹಿಡಿ, ಹಗುರ ನಳಿಗೆ, ಸೂಕ್ಷ್ಮ ಗುರಿಕಟ್ಟು ಕೂರಿಸಿ ಲೀ-ಸ್ಪೀಡ್ ಎಂಬ ಹೆಸರಿನಲ್ಲಿ ಮಾರಿತು. ಅಧಿಕಾರಿಗಳೂ ತೋಟದ ಸಾಹೇಬರೂ ಇಂಥ ರೈಫಲ್ಲುಗಳ ಗಿರಾಕಿಗಳು.

ಭಾರತದಲ್ಲಿ ಮಾತ್ರ ಸೇನೆಯ ತೋಟಾ ಹಾರಿಸುವ ರೈಫಲ್ಲನ್ನು ಖಾಸಗಿಯವರ ಕೈಗೆ ಬಿಡಲು ಸರ್ಕಾರ ಒಪ್ಪಲಿಲ್ಲ. ಉಪಾಯ ಸಿಕ್ಕಿದ್ದು ಆಸ್ಟ್ರಿಯಾದಲ್ಲಿ. ಅಲ್ಲಿನ ಸೇನೆಯ ಮಾನ್‌ಲಿಶರ್ ರೈಫಲ್ಲಿನ ಎಂಟು ಮಿಲಿಮೀಟರ್ ತೋಟಾ .303ರಂತೆಯೇ ಬುಡದಲ್ಲಿ ಅಂಚುಳ್ಳದ್ದು. ಅದಕ್ಕೆ ತಕ್ಕ ನಳಿಗೆ ಕೂರಿಸಿದರೆ ಲೀ ಬೋಲ್ಟಿನಲ್ಲೇ ಅದು ಕೆಲಸ ಮಾಡುತ್ತದೆ. ಆದರೆ ಆ ನಳಿಗೆಯ ಹಿಂಬದಿಯ ಕೋಣೆ ಗಿಡ್ಡ. ಸೇನೆಯ ಉದ್ದನೆಯ .303 ತೋಟಾ ಅದರೊಳಗೆ ಕೂರುವುದಿಲ್ಲ, ಬೋಲ್ಟ್ ಮುಚ್ಚಿಕೊಳ್ಳುವುದಿಲ್ಲ. ಪಲ್ಟನ್ನಿನ ಗೋದಾಮಿನಿಂದ ಯಾರಾದರೂ ತೋಟಾ ಕದ್ದರೂ ಈ ರೈಫಲ್ಲಿಗೆ ಅದು ನಿರುಪಯೋಗಿ. ಸರ್ಕಾರಕ್ಕೆ ಬೇಕಾಗಿದ್ದದ್ದೂ ಅಷ್ಟೇ. ಇಂಚಿನ ಲೆಕ್ಕದಲ್ಲಿ ಅದಕ್ಕೆ .315 ಎಂದು ಹೆಸರಾಯಿತು.

ಹೀಗೆ ಭಾರತದ ಶಿಕಾರಿಯ ಕೈಗೆ ಬಂದದ್ದು ಬ್ರಿಟಿಷ್ ಸೇನೆಯ ಯಂತ್ರಕ್ಕೆ ಆಸ್ಟ್ರಿಯನ್ ಸೇನೆಯ ತೋಟಾ ಕೂಡಿಸಿದ ರೈಫಲ್. ಗುಂಡು .303ಕ್ಕಿಂತ ದಪ್ಪ, ತೂಕವೂ ಹೆಚ್ಚು. ಜಿಂಕೆ, ಹಂದಿ, ಚಿರತೆಗೆ ಇದು ಯಾವ ಲೆಕ್ಕದಲ್ಲೂ ಕಡಿಮೆಯಾದ ಆಯುಧವಲ್ಲ. ಕಾಯ್ದೆ ಹೆದರಿದ್ದು ಗುಂಡಿನ ಹೊಡೆತಕ್ಕಲ್ಲ, ಆ ಗುಂಡಿನ ದಾಸ್ತಾನು ಯಾರ ಗೋದಾಮಿನಲ್ಲಿ ಇದೆ ಎಂಬುದಕ್ಕೆ.

ಸೇನೆಯ ರೈಫಲ್ ಶಿಕಾರಿಯ ಹೆಗಲೇರಿದ ಇನ್ನೊಂದು ದಾರಿ ಜರ್ಮನಿಯದು. ಒಬೆರ್ನ್‌ಡಾರ್ಫಿನ ಪೌಲ್ ಮೌಸರ್ ಸೈನಿಕರಿಗಾಗಿ ಮಾಡಿದ ಬೋಲ್ಟ್ ಎಷ್ಟು ಗಟ್ಟಿಯೆಂದರೆ 1898ರ ಅದರ ರೂಪವನ್ನು ಪ್ರಪಂಚದ ಬೇಟೆಯ ರೈಫಲ್ಲುಗಳು ಇನ್ನೂ ಅನುಸರಿಸುತ್ತಿವೆ. ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ರೈತರು 7 ಮಿಲಿಮೀಟರಿನ ಮೌಸರ್ ಹಿಡಿದು ಬ್ರಿಟಿಷರನ್ನು ಹಣ್ಣು ಮಾಡಿದರು. ಯುದ್ಧ ಮುಗಿದ ಕೆಲವೇ ವರ್ಷದಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪನಿ ಅದೇ ಬೋಲ್ಟಿಗೆ, ಅದೇ ತೋಟಾಕ್ಕೆ, .275 ಎಂಬ ಇಂಗ್ಲಿಷ್ ಅಂಕಿ ಕೊಟ್ಟು ಬೇಟೆಯ ರೈಫಲ್ ಮಾಡಿ ಮಾರುತ್ತಿತ್ತು. ನೂರಾರು ಜನರನ್ನು ಕೊಂದ ಹೆಣ್ಣುಹುಲಿಯನ್ನು 1907ರಲ್ಲಿ ಚಂಪಾವತ್ ಎಂಬಲ್ಲಿ ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹೆವೆಟ್ ಬಹುಮಾನವಾಗಿ ಕೊಟ್ಟ ರೈಫಲ್ ಅದು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ನರಭಕ್ಷಕನ ಕತೆಯನ್ನು ಉಸಿರು ಬಿಗಿಹಿಡಿದು ಓದಿದವರಿಗೆ ಆ ರೈಫಲ್ ಪರಿಚಿತವೇ. ಬೆಂಗಳೂರಿನ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್ ಕೂಡ ತೇಜಸ್ವಿಯವರಿಂದಲೇ ಕನ್ನಡದ ಮನೆಗಳಿಗೆ ಬಂದದ್ದು. ಆ ಬೋರು ಯಾವ ಸೇನೆಯದೂ ಅಲ್ಲದ್ದು, ಹಾಗಾಗಿ ನಿಷೇಧದ ಪಟ್ಟಿಗೆ ಬೀಳುವ ಪ್ರಶ್ನೆಯೇ ಇರಲಿಲ್ಲ.

ಸರ್ಕಾರದ ಹೆದರಿಕೆ ಬರಿಯ ಕಲ್ಪನೆಯೂ ಆಗಿರಲಿಲ್ಲ. 1922ರ ಆಗಸ್ಟ್‌ನಲ್ಲಿ ಅದು ವಿಶಾಖಪಟ್ಟಣದ ಬೆಟ್ಟಗಳಲ್ಲಿ ಕಣ್ಣೆದುರೇ ಬಂದು ನಿಂತಿತು.

1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಗೂಡೆಂ, ರಂಪ ಸೀಮೆಗಳ ಗಿರಿಜನರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕಾಡು ಕಡಿದು ಸುಟ್ಟು ಬಿತ್ತುವ ಪೋಡು ಬೇಸಾಯ ಅಪರಾಧವಾಗಿತ್ತು. ಬೆಟ್ಟಕ್ಕೆ ರಸ್ತೆ ಹಾಕಿಸುವ ನೆಪದಲ್ಲಿ ಗೂಡೆಂನ ತಹಸೀಲ್ದಾರ ಬಾಸ್ಟಿಯನ್ ಸರಿಯಾಗಿ ಕೂಲಿ ಕೊಡದೆ ದುಡಿಸಿಕೊಳ್ಳುತ್ತಿದ್ದ. ಇಂಥ ಜನರ ನಡುವೆ ಸಂನ್ಯಾಸಿಯಂತೆ ಬಂದು ನೆಲೆಸಿದ ಅಲ್ಲೂರಿ ಸೀತಾರಾಮರಾಜು ಆಗಸ್ಟ್ 22ರಂದು ಚಿಂತಪಲ್ಲಿ, 23ರಂದು ಕೃಷ್ಣದೇವಿಪೇಟ, 24ರಂದು ರಾಜವೊಮ್ಮಂಗಿ, ಹೀಗೆ ಒಂದರ ಹಿಂದೊಂದು ಪೊಲೀಸ್ ಠಾಣೆಗಳ ಮೇಲೆ ಬಿದ್ದರು. ಗಾಮ್ ಗಂಟಂ ದೊರೆ, ಗಾಮ್ ಮಲ್ಲು ದೊರೆ ಸೋದರರು ಜತೆಗಿದ್ದರು. ಕೈಗೆ ಬಂದದ್ದು 26 ಬಂದೂಕು, 2,500ಕ್ಕೂ ಹೆಚ್ಚು ತೋಟಾ. ಏನೇನು ಒಯ್ಯುತ್ತಿದ್ದೇವೆಂದು ಠಾಣೆಯ ಪುಸ್ತಕದಲ್ಲೇ ಬರೆದು ಸಹಿ ಹಾಕಿದರು ಎಂದು ಆ ಬಂಡಾಯದ ಚರಿತ್ರೆ ಬರೆದವರು ಹೇಳುತ್ತಾರೆ.

ಬಿಲ್ಲು ಬಾಣ ಹಿಡಿದಿದ್ದ ದಂಡು ಮೂರೇ ದಿನದಲ್ಲಿ ಬಂದೂಕಿನ ದಂಡಾಯಿತು. ಸೆಪ್ಟೆಂಬರ್ 24ರಂದು ದಾಮನಪಲ್ಲಿಯ ಕಣಿವೆಯಲ್ಲಿ ಸ್ಕಾಟ್ ಕವರ್ಡ್, ಹೇಟರ್ ಎಂಬ ಇಬ್ಬರು ಅಧಿಕಾರಿಗಳು ಸತ್ತರು. ಎರಡು ವರ್ಷ ಸರ್ಕಾರ ಬೆಟ್ಟ ಹತ್ತಿ ಇಳಿಯಿತು, ಕೊನೆಗೆ ಅಸ್ಸಾಂ ರೈಫಲ್ಸನ್ನು ಕರೆಸಬೇಕಾಯಿತು. 1924ರ ಮೇ 7ರಂದು ಕೊಯ್ಯೂರಿನಲ್ಲಿ ರಾಜು ಅವರನ್ನು ಹಿಡಿದು ಗುಂಡಿಟ್ಟು ಕೊಂದರು. ಆ ಎರಡು ವರ್ಷದ ಹೋರಾಟವನ್ನು ನಡೆಸಿದ್ದು ಬಹುಪಾಲು ಠಾಣೆಗಳಿಂದ ಬಂದ ಸರ್ಕಾರಿ ಬಂದೂಕು. ತನ್ನ ಆಯುಧವೇ ತನ್ನ ಕಡೆಗೆ ತಿರುಗುವ ಭಯಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಆಳುವವರಿಗೆ ಬೇಕಿರಲಿಲ್ಲ.

ಠಾಣೆಯ ಬಂದೂಕನ್ನು ಹೇಗೆ ಬಲಹೀನಗೊಳಿಸುವುದು ಎಂಬ ಯೋಚನೆ ಹೊಸದೂ ಅಲ್ಲ. 1858ರ ಬೋಳು ನಳಿಗೆಯ ಬುದ್ಧಿ ಪೊಲೀಸ್ ಇಲಾಖೆಯಲ್ಲಿ ಸ್ನೈಡರ್, ಮಾರ್ಟಿನಿ ರೈಫಲ್ಲುಗಳ ಕಾಲದಲ್ಲೂ ಮುಂದುವರಿದಿತ್ತು. ಅದರ ಕೊನೆಯ, ಅತ್ಯಂತ ಪೂರ್ಣ ರೂಪ .410 ಮಸ್ಕೆಟ್. ಕಲಕತ್ತೆಯ ಹತ್ತಿರ ಹೂಗ್ಲಿ ದಂಡೆಯ ಈಶಾಪುರದಲ್ಲಿ ಹಿಂದೆ ಮದ್ದಿನ ಕಾರ್ಖಾನೆ ಇದ್ದ ಜಾಗದಲ್ಲಿ 20ನೇ ಶತಮಾನದ ಆರಂಭದಲ್ಲಿ ರೈಫಲ್ ಕಾರ್ಖಾನೆ ಎದ್ದಿತ್ತು. ಮಹಾಯುದ್ಧದಿಂದ ಮರಳಿದ, ಸವೆದ ಲೀ-ಎನ್‌ಫೀಲ್ಡುಗಳನ್ನು ಅಲ್ಲಿ ತೆಗೆದುಕೊಂಡು ನಳಿಗೆಯ ಸುರುಳಿ ಗೆರೆ ಅಳಿಯುವಂತೆ .410 ಇಂಚಿಗೆ ಕೊರೆದರು. ತೋಟಾಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ಬಡಿದರು. ಹತ್ತು ಈಡಿನ ರೈಫಲ್ ಒಂಟಿ ಈಡಿನ ಬಂದೂಕಾಯಿತು. ತೋಟಾವೂ .303ರದೇ ಹಿತ್ತಾಳೆಯ ಕೋಶ, ಆದರೆ ಕತ್ತು ಕಿರಿದು ಮಾಡದೆ ನೇರ ಬಿಟ್ಟದ್ದು. ಸೆರೆಮನೆಯ ಕಾವಲಿಗೆ, ಪೊಲೀಸ್ ಪಹರೆಗೆ, ಗುಂಪು ಚದುರಿಸಲು ಅದು ಸಾಕಾಗಿತ್ತು. ಕದ್ದೊಯ್ದವನಿಗೆ ಯುದ್ಧ ಮಾಡಲು ಸಾಲದಾಗಿತ್ತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಸ್ಪೇನ್ ಯುದ್ಧದ ಕ್ರಾಗ್ ರೈಫಲ್ಲುಗಳು ಸೇನೆಗೆ ಬೇಡವಾದಾಗ ಅಲ್ಲಿನ ಸರ್ಕಾರ ಅವನ್ನು ರೈಫಲ್ ಸಂಘದ ಸದಸ್ಯರಿಗೆ ಒಂದೂವರೆ ಡಾಲರಿಗೆ ಮಾರಿತು. ಮೊದಲ ಮಹಾಯುದ್ಧದ ರೈಫಲ್ಲುಗಳ ಬಿಡಿಭಾಗಗಳು ಉಳಿದಿದ್ದರಿಂದ ರೆಮಿಂಗ್ಟನ್ ಕಂಪನಿ 1921ರಲ್ಲಿ ಅವುಗಳಿಂದಲೇ ಮಾಡೆಲ್ 30 ಎಂಬ ಬೇಟೆಯ ರೈಫಲ್ ಹೊರತಂದಿತು. ನ್ಯೂಯಾರ್ಕಿನ ಬಡಗಿ ಸೀಮೋರ್ ಗ್ರಿಫಿನ್ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳಿಗೆ ಚೆಂದದ ವಾಲ್‌ನಟ್ ಹಿಡಿ ಕೆತ್ತುತ್ತ ಹೆಸರು ಮಾಡಿ, 1923ರಲ್ಲಿ ಗ್ರಿಫಿನ್ ಅಂಡ್ ಹೌ ಎಂಬ ಸಂಸ್ಥೆ ಕಟ್ಟಿದ. ಎರಡನೆಯ ಮಹಾಯುದ್ಧ ಮುಗಿದಾಗ ಸೈನಿಕರು ಯುರೋಪಿನಿಂದ ಮೌಸರುಗಳನ್ನು ಮನೆಗೆ ಹೊತ್ತು ತಂದರು. ಬ್ರಿಟನ್ನಿನ ಪಾರ್ಕರ್-ಹೇಲ್ ಕಂಪನಿ ಲೀ-ಎನ್‌ಫೀಲ್ಡುಗಳನ್ನು ಸೋಸಿ, ಸವರಿ, ಹೊಸ ಹಿಡಿ ಹಾಕಿ ಮಾರಿತು.

ಆ ಕೆಲಸದಲ್ಲಿ ನಿಜವಾದ ಕಲೆಗಾರಿಕೆ ಇತ್ತು. ನಳಿಗೆಯನ್ನು ಪೂರ್ತಿ ಮುಚ್ಚಿದ್ದ ದಪ್ಪ ಮರವನ್ನು ಮುಂದಿನಿಂದ ಕತ್ತರಿಸಿ ತೆಳ್ಳಗಾಗಿಸುವುದು, ಬಯೊನೆಟ್ ಸಿಕ್ಕಿಸುವ ಕೊಂಡಿ ತೆಗೆಯುವುದು, ದುರ್ಬೀನು ಕೂರಿಸುವುದು, ಮೌಸರಾದರೆ ಅದರ ಬೋಲ್ಟಿನ ಹಿಡಿ ದುರ್ಬೀನಿಗೆ ತಾಗದಂತೆ ಬಗ್ಗಿಸುವುದು, ಕೆನ್ನೆಗೆ ಒರಗುವಂತೆ ಮರ ಕೆತ್ತುವುದು, ಉಕ್ಕಿಗೆ ನೀಲಿ ಹೊಳಪು ಏರಿಸುವುದು. ಬಲ್ಲವರ ಕೈಗೆ ಸಿಕ್ಕ ರೈಫಲ್ ಹುಟ್ಟಿದ್ದಕ್ಕಿಂತ ಚೆಲುವಾಗುತ್ತಿತ್ತು. ಅರೆಬರೆ ಬಲ್ಲವರ ಗರಗಸಕ್ಕೆ ಬಲಿಯಾದವೇ ಹೆಚ್ಚು. ಹೀಗಾಗಿ ಇಂದು ಆ ದೇಶಗಳ ಸಂಗ್ರಾಹಕರಲ್ಲಿ ಜಗಳವಿದೆ: ಹಳೆಯ ಆಯುಧವನ್ನು ಬಳಕೆಗೆ ತಂದದ್ದು ಅದಕ್ಕೆ ಮರುಜನ್ಮ ಕೊಟ್ಟಂತೆಯೋ, ಚರಿತ್ರೆಯ ದಾಖಲೆಯನ್ನು ಹರಿದಂತೆಯೋ? ಕತ್ತರಿಸದ ರೈಫಲ್ಲಿಗೆ ಈಗ ಬೆಲೆ ಹೆಚ್ಚಾಗಿದೆ. ಲಕ್ಷಗಟ್ಟಲೆ ಉಳಿದಿದ್ದಾಗ ಯಾರಿಗೂ ಆ ಯೋಚನೆ ಹೊಳೆದಿರಲಿಲ್ಲ.

ಅಲ್ಲಿನ ಸಲೀಸು ವ್ಯಾಪಾರಕ್ಕೂ ಒಂದು ದಿನ ತಡೆ ಬಿತ್ತು. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಕೊಂದದ್ದು ಇಟಲಿಯ ಸೇನೆ ಬಿಟ್ಟ ಕಾರ್ಕಾನೊ ರೈಫಲ್. ಅದನ್ನು ಶಿಕಾಗೋದ ಅಂಗಡಿಯೊಂದರಿಂದ ದುರ್ಬೀನಿನ ಸಮೇತ ಇಪ್ಪತ್ತು ಡಾಲರಿನ ಆಸುಪಾಸಿಗೆ ಅಂಚೆಯಲ್ಲಿ ತರಿಸಲಾಗಿತ್ತು. 1968ರ ಕಾಯ್ದೆ ವಿದೇಶಿ ಸೇನೆಗಳ ಹಳೆಯ ಆಯುಧಗಳ ಆಮದನ್ನೂ ಅಂಚೆಯ ಮಾರಾಟವನ್ನೂ ನಿಲ್ಲಿಸಿತು. ಭಾರತ ಆರು ದಶಕ ಮೊದಲೇ ಪಟ್ಟ ಭಯವನ್ನು ಅಮೆರಿಕ ಆಗ ಪಟ್ಟಿತು.

ಸ್ವಾತಂತ್ರ್ಯ ಬಂದಾಗ ಬೋರಿನ ಈ ಎರಡನೆಯ ಬೇಲಿ ಬೀಳುತ್ತದೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಿರಾಸೆಯೇ ಆಯಿತು. 1878ರ ಕಾಯ್ದೆ ಹೋಗಿ 1959ರ ಕಾಯ್ದೆ ಬಂತು, 1962ರ ಅಕ್ಟೋಬರ್‌ನಿಂದ ಜಾರಿಗೂ ಬಂತು. ಜನಾಂಗದ ಆಧಾರದ ಮೇಲೆ ಸಾಹೇಬರಿಗಿದ್ದ ಮೇಲುಗೈ ಅಷ್ಟರಲ್ಲಿ ಇತಿಹಾಸ ಸೇರಿತ್ತು. ಬೋರಿನ ಬೇಲಿ ಮಾತ್ರ ಗಟ್ಟಿಯಾಗಿ ನಿಂತಿತು. 1962ರ ಆಯುಧ ನಿಯಮಗಳ ಮೊದಲ ಅನುಸೂಚಿ .303 ಮತ್ತು 7.62 ಮಿಲಿಮೀಟರ್ ರೈಫಲ್ಲುಗಳನ್ನು, ಆ ಸೇನಾ ತೋಟಾ ಹಾರಿಸಬಲ್ಲ ಬೇರೆ ಯಾವುದೇ ಬೋರನ್ನು ನಿಷೇಧಿತ ಎಂದು ಹೆಸರಿಸಿತು. ಅದೇ ಸಾಲಿನಲ್ಲಿ .410 ಮಸ್ಕೆಟ್ಟೂ ಸೇರಿತು. ಬಲ ಕುಗ್ಗಿಸಲೆಂದೇ ಕೊರೆದ ಬಂದೂಕು, ಅದರ ತೋಟಾ ಪೊಲೀಸರ ಬಳಿ ಇದೆ ಎಂಬ ಒಂದೇ ಕಾರಣಕ್ಕೆ ರೈತನಿಗೆ ಸಿಗದಾಯಿತು.

ಈಶಾಪುರ ಹಳೆಯ ಉಪಾಯವನ್ನೇ ಮುಂದುವರಿಸಿತು. ಚೀನಾ ಯುದ್ಧದ ನಂತರ ಸೇನೆಗಾಗಿ ಲೀ ಬೋಲ್ಟಿಗೆ 7.62 ಮಿಲಿಮೀಟರಿನ ನಳಿಗೆ ಕೂರಿಸಿದ ಕಾರ್ಖಾನೆಯೇ ನಾಗರಿಕರಿಗಾಗಿ ಅದೇ ಲೀ ಬೋಲ್ಟಿಗೆ .315 ನಳಿಗೆ ಕೂರಿಸಿ, ಐದು ತೋಟಾದ ಪೆಟ್ಟಿಗೆ ಹಾಕಿ, ಬೇಟೆಯ ರೈಫಲ್ ಎಂದು ಮಾರಿತು. ಆಸ್ಟ್ರಿಯಾದ ಸಾಮ್ರಾಜ್ಯ ಅಳಿದು, ಅದರ ಸೇನೆಯ ಆ ತೋಟಾ ಯುರೋಪಿನಲ್ಲಿ ಮೂಲೆಗೆ ಸರಿದ ಮೇಲೂ ಭಾರತದ ಕಾರ್ಖಾನೆಗಳು ಅದನ್ನು ಮಾಡುತ್ತ ಬಂದವು. ಉತ್ತರ ಭಾರತದ ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲಲ್ಲಿ, ಜಮೀನ್ದಾರನ ಮನೆಯ ಗೋಡೆಯಲ್ಲಿ ಕಾಣುವ .315 ರೈಫಲ್ಲಿನ ಮೂಲ ಹೀಗೆ ಗಡಿನಾಡಿನ ಹೆದರಿಕೆಗೆ ಹೋಗಿ ಮುಟ್ಟುತ್ತದೆ.

ಬೇಟೆಯ ಕಾಲ ಮಾತ್ರ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಗೆ ತೆರೆ ಎಳೆಯಿತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಹುಲಿ, ಚಿರತೆಗಳಿಗೆ ಚರ್ಮ ತುಂಬಿ ಪ್ರಪಂಚಕ್ಕೆಲ್ಲ ಕಳಿಸುತ್ತಿದ್ದ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯೂ ಶತಮಾನದ ಕೊನೆಗೆ ಬಾಗಿಲು ಹಾಕಿತು. ಆ ಕಾಯ್ದೆ ಬಾರದೆ ಹೋಗಿದ್ದರೆ ಇಂದು ನಾಗರಹೊಳೆಯಲ್ಲಿ ಹುಲಿ ಉಳಿಯುತ್ತಿರಲಿಲ್ಲ, ಅದರ ಬಗ್ಗೆ ಎರಡು ಮಾತಿಲ್ಲ. ಮಲೆನಾಡಿನ ಅಡಿಕೆ, ಭತ್ತದ ರೈತನ ಹೆಗಲಲ್ಲಿ ಉಳಿದದ್ದು ಹಂದಿ, ಮಂಗಗಳನ್ನು ಬೆದರಿಸುವ ಕೇಪಿನ ಕೋವಿ, ಇಲ್ಲವೇ ಒಂಟಿನಳಿಗೆ, ಜೋಡುನಳಿಗೆಯ ತೋಟಾಕೋವಿ. ಬೆಳೆ ಕಾಯುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡಬೇಕೆಂದು 1959ರ ಕಾಯ್ದೆಯಲ್ಲೇ ಬರೆದಿದೆ. ಸಿಪಾಯಿಯ ರೈಫಲ್ ಆ ಅಂಗಳಕ್ಕೆ ಎಂದೂ ಬರಲಿಲ್ಲ.

ಕೊಡಗಿನ ವಿನಾಯಿತಿ ಎಲ್ಲ ಕಾಯ್ದೆಗಳನ್ನೂ ದಾಟಿ ಬಂದಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹೊಡೆಯುತ್ತಾರೆ. ಹುಟ್ಟಿಗೂ ಸಾವಿಗೂ ಕೋವಿಯ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಸ್ವತಂತ್ರ ಭಾರತದ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿಯನ್ನು 1963ರಲ್ಲಿ ಮುಂದುವರಿಸಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು ಹತ್ತು ವರ್ಷಕ್ಕೆಂದು ಅವಧಿ ಹಾಕಿ ವಿಸ್ತರಿಸಿತು. ಜಾತಿ ಮತ್ತು ಭೂ ಹಿಡುವಳಿಯ ಆಧಾರದ ಈ ರಿಯಾಯಿತಿ ಸಮಾನತೆಗೆ ವಿರುದ್ಧ ಎಂದು ಹೈಕೋರ್ಟಿನ ಮೆಟ್ಟಿಲೇರಿದವರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಈಗ ಕೊನೆಯ .303ಗಳೂ ನಿವೃತ್ತಿಯಾಗುತ್ತಿವೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅವಕ್ಕೆ ವಿದಾಯ ಹೇಳಿದರು. ನಿಷೇಧಿತ ಬೋರಾದ ಕಾರಣ ಇಂಥ ಬಂದೂಕು ಯಾವ ಗಿರಾಕಿಗೂ, ಯಾವ ಕುಶಲಿಗೂ ಸಿಗುವಂತಿಲ್ಲ. ಹಾಗೆ ಸಿಗದಿರುವುದೇ ಒಳ್ಳೆಯದು, ಇಷ್ಟು ಜನದಟ್ಟಣೆಯ ದೇಶದಲ್ಲಿ ಯುದ್ಧದ ರೈಫಲ್ ಒಂದೂವರೆ ಡಾಲರಿಗೆ ಸಿಗುವ ಸರಕಾಗಬಾರದು. ಆದರೆ ಎಲ್ಲವನ್ನೂ ಕುಲುಮೆಗೆ ಹಾಕಿದರೆ ಹಲಗಲಿಯಿಂದ ಚಿಂತಪಲ್ಲಿಯವರೆಗಿನ ಚರಿತ್ರೆಯ ಮುಟ್ಟಿ ನೋಡುವ ಸಾಕ್ಷಿ ಕರಗಿಹೋಗುತ್ತದೆ.

ಚಿಂತಪಲ್ಲಿ, ರಾಜವೊಮ್ಮಂಗಿಗಳು 2022ರಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದವು. ಆಂಧ್ರ ಪೊಲೀಸರ ಕೇಂದ್ರ ಕಚೇರಿ ಮಂಗಳಗಿರಿಯಲ್ಲಿದೆ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಈ ಎರಡು ಕಚೇರಿಗಳು ತಮ್ಮ ಜಿಲ್ಲಾ ಆಯುಧಾಗಾರಗಳಲ್ಲಿ ಉಳಿದಿರಬಹುದಾದ .303, .410ಗಳನ್ನು ನಾಶಕ್ಕೆ ಕಳಿಸುವ ಮುನ್ನ, ಕೆಲವನ್ನಾದರೂ ಹಾರದಂತೆ ನಿಷ್ಕ್ರಿಯಗೊಳಿಸಿ, ಅವುಗಳ ಮೇಲಿನ ಈಶಾಪುರದ ಮುದ್ರೆ, ವರ್ಷ, ಠಾಣೆಯ ಗುರುತುಗಳನ್ನು ದಾಖಲು ಮಾಡಿ, ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಕೊಡಬೇಕು. ಸುರುಳಿ ಗೆರೆ ಅಳಿಸಿ ಕೊರೆದ ಆ ನಳಿಗೆಯೊಳಗೆ ಒಮ್ಮೆ ಇಣುಕಿ ನೋಡಿದ ವಿದ್ಯಾರ್ಥಿಗೆ 1878ರ ಕಾಯ್ದೆಯನ್ನು ಬೇರೆ ಪಾಠ ಮಾಡಿ ಹೇಳಬೇಕಾಗುವುದಿಲ್ಲ. ಕೊಡಗಿನ ವಿನಾಯಿತಿಯ ಈಗಿನ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಆ ಚರ್ಚೆ ಮತ್ತೆ ಏಳುವ ಹೊತ್ತಿಗಾದರೂ ಈ ಬಂದೂಕುಗಳು ಜನ ನೋಡುವ ಜಾಗದಲ್ಲಿರಲಿ.